ವಜೂ ಇಲ್ಲದ ಜವಾಬು

ಅನ್ನ ಹಾಕಿದ ಕೈಗೆ ಹೆಸರಿಡಬಾರದು ಎಂಬುದು ಶಂಶುದ್ದೀನ್ ಮಾಸ್ತರರ ಮನೆಯ ಕಾಯ್ದೆ. ಉಪ್ಪು ಹೆಚ್ಚಾಗಲಿ, ರೊಟ್ಟಿ ಸೀದು ಹೋಗಲಿ, ತುಟಿ ಎರಡು ಮಾಡದೆ ಉಂಡು ಏಳಬೇಕು. ಈ ಕಾಯ್ದೆ ಮಾಡಿದವರು ಮಾಸ್ತರರು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅದನ್ನು ಮುರಿದವರೂ ಅವರೇ.

"ಇದೇನು ದಾಲೋ, ಹುಣಸಿಹಣ್ಣು ತೊಳೆದ ನೀರೋ?" ಎಂದು ತಾಟನ್ನು ಆಚೆ ಸರಿಸಿದರು.

ಅವರ ಹೆಂಡತಿ ವಜೀರಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. "ದಾಲು ದಿನದ್ದೇ ಅದ. ನಿನ್ನೆ ಎರಡನೇ ಸಲ ಹಾಕಸ್ಕೊಂಡು ಉಂಡೀರಿ. ಹುಳಿ ದಾಲಿನ್ಯಾಗ ಇಲ್ಲ, ಆ ಕಾಗದದಾಗ ಅದ."

ಕಾಗದ ಅವರ ಮೊಣಕಾಲ ಹತ್ತಿರವೇ ಬಿದ್ದಿತ್ತು. ಹುಮನಾಬಾದಿಗೆ ಹೊಸದಾಗಿ ಬಂದ ಒಬ್ಬ ಮೌಲ್ವಿ ಉರ್ದುವಿನಲ್ಲಿ ಅಚ್ಚು ಹಾಕಿಸಿ ಹಂಚಿದ ಕರಪತ್ರ. ಬಸವಕಲ್ಯಾಣದ ಒಬ್ಬ ಪಿಂಚಣಿ ಮಾಸ್ತರ ದೀನಿನ, ಅಂದರೆ ಧರ್ಮದ, ಮಾತನ್ನು ಕನ್ನಡ ಅಕ್ಷರಕ್ಕೆ ಇಳಿಸಲು ಹೊರಟಿದ್ದಾನೆ, ಇದು ಬೇಅದಬಿ, ದೀನಿಗೆ ಅಗೌರವ, ಮದರಸಾ ಪಾಸಾದ ಸನದು ಇಲ್ಲದವನು ಕಿತಾಬು ಬರೆದರೆ ಇನ್ನೇನಾದೀತು ಎಂದು ಅದರಲ್ಲಿತ್ತು. ಬೇಅದಬಿ ಎಂದದ್ದನ್ನು ಮಾಸ್ತರರು ನುಂಗಿಕೊಳ್ಳುತ್ತಿದ್ದರೇನೋ. ಸನದಿನ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಹೈದರಾಬಾದಿನ ಮದರಸಾದಲ್ಲಿ ಓದುತ್ತಿದ್ದಾಗ ಪೊಲೀಸ್ ಆ್ಯಕ್ಷನ್ ಆಗಿ, ಓದು ಅರ್ಧಕ್ಕೆ ಬಿಟ್ಟು ಊರಿಗೆ ಓಡಿ ಬಂದವರು ಅವರು. ಆಮೇಲೆ ಸ್ವಂತವಾಗಿ ಎಷ್ಟೇ ಓದಿದರೂ ಆ ಒಂದು ಕಾಗದ ಕೈಗೆ ಬಂದಿರಲಿಲ್ಲ.

ಅವರು ಬರೆಯುತ್ತಿದ್ದ ಪುಸ್ತಕವಾದರೂ ಏನು? ಸತ್ತವರ ಮೈ ತೊಳೆಯುವುದು ಹೇಗೆ, ಕಫನ್ ಬಟ್ಟೆ ಸುತ್ತುವುದು ಹೇಗೆ, ಅಷ್ಟೇ. ಹೆಂಗಸರು ತೀರಿಕೊಂಡರೆ ಸುತ್ತಲಿನ ಹಳ್ಳಿಗಳಿಂದ ವಜೀರಬಿಗೆ ಕರೆ ಬರುತ್ತಿತ್ತು. ಕರ್ಪೂರ, ಬಾರಿ ಹಣ್ಣಿನ ಗಿಡದ ಎಲೆ, ಬಿಳಿ ಬಟ್ಟೆ ಇಟ್ಟ ಒಂದು ಚೀಲ ಸದಾ ಗೂಟಕ್ಕೆ ತೂಗುತ್ತಿತ್ತು. ಆ ಹಳ್ಳಿಗಳ ಪಿಂಜಾರರ ಮನೆಗಳಲ್ಲಿ ಆಡುವುದು ಕನ್ನಡ, ಮಕ್ಕಳು ಹೋಗುವುದು ಕನ್ನಡ ಸಾಲಿಗೆ. ಉರ್ದು ಕಿತಾಬು ಅವರ ಮನೆಯಲ್ಲಿ ಇದ್ದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಲಿಕ್ಕೆ ಮಾತ್ರ. "ನಾ ಹೋದ ಮ್ಯಾಲೆ ಅವ್ರು ಯಾರನ್ನ ಕರೀಬೇಕ್ರಿ? ಅವರಿಗೆ ತಿಳಿಯೋಹಂಗ ಬರೀರಿ" ಎಂದು ಬೆನ್ನು ಹತ್ತಿದವಳು ವಜೀರಬಿಯೇ.

ಮಾಸ್ತರರಿಗೆ ಕನ್ನಡ ಮಾತು ಬರುತ್ತಿತ್ತು, ಬರವಣಿಗೆ ಅಷ್ಟಕ್ಕಷ್ಟೇ. ಸೊಸೆ ಶಹಜಾದಿ ಕನ್ನಡ ಸಾಲಿಯಲ್ಲಿ ಓದಿದವಳು. ದಿನಾ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಮಾಸ್ತರರು ಹೇಳುತ್ತಿದ್ದರು, ಅವಳು ಬರೆಯುತ್ತಿದ್ದಳು, ಒಲೆಯ ಮುಂದಿನಿಂದ ವಜೀರಬಿ ತಿದ್ದುತ್ತಿದ್ದಳು. ಬರೆಯಲು ಕೂಡುವ ಮೊದಲು ಇಬ್ಬರೂ ವಜೂ ಮಾಡಬೇಕು. ಕೈ, ಮುಖ, ಕಾಲು ತೊಳೆದು ನಮಾಜಿಗೆ ನಿಲ್ಲುವಷ್ಟು ಚೊಕ್ಕಟವಾಗಿ ಕೂಡಬೇಕು. ಇದು ಮಾಸ್ತರರ ಇನ್ನೊಂದು ಕಾಯ್ದೆ. ಹಾಗೆ ಬರೆದು ಮುಗಿಸಿದ ಹಾಳೆಗಳು ಆಗಲೇ ಹುಮನಾಬಾದಿನ ಪ್ರೆಸ್ಸಿಗೆ ಹೋಗಿದ್ದವು.

ಪ್ರೆಸ್ಸು ಮಗ ಗಫೂರನದು. ಲಗ್ನಪತ್ರಿಕೆ, ಅಡತ ಅಂಗಡಿಗಳ ಪಾವತಿ ಪುಸ್ತಕ, ಇಂಥವನ್ನು ಅಚ್ಚು ಹಾಕಿ ಸಂಸಾರ ನಡೆಸುತ್ತಿದ್ದ. ಅವನು ಆ ಸಂಜೆ ಬಸ್ಸಿಳಿದು ಬಂದವನೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಅಬ್ಬಾ, ಹೋಟೆಲಿನ್ಯಾಗ ಎಲ್ಲಾರೂ ಅದೇ ಮಾತಾಡಾಕತ್ತಾರ. ಜವಾಬು ಕೊಡಲಿಲ್ಲಂದ್ರ ಅವ ಬರೆದದ್ದೇ ಖರೆ ಅಂತಾರ್ರಿ."

"ಇನ್ನಾ ಅಚ್ಚೇ ಆಗದ ಪುಸ್ತಕದ ಸುದ್ದಿ ಅವರಿಗೆ ಹ್ಯಾಂಗ ಮುಟ್ಟಿತೋ?" ಎಂದು ವಜೀರಬಿ ಕೇಳಿದಳು.

ಗಫೂರ ಗೋಡೆ ನೋಡಿದ. ಮುಟ್ಟಿಸಿದವನು ಅವನೇ. ಚಹಾದ ಕಪ್ಪು ಮುಂದಿದ್ದಾಗ ಅವನ ಬಾಯಿಗೆ ಬಾಗಿಲು ಇರುತ್ತಿರಲಿಲ್ಲ.

"ಹಿಟ್ಟು ನಾದೋದ್ರಾಗೇ ಊರಿಗೆಲ್ಲ ರೊಟ್ಟಿ ಹಂಚಿ ಬಂದಿ" ಎಂದಳು ತಾಯಿ.

"ಅದೆಲ್ಲಾ ಬಿಡಮ್ಮಾ. ಅಬ್ಬಾ, ಒಂದು ಜವಾಬು ಬರೀರಿ. ಅವ ಎದ್ದು ನಿಲ್ಲಬಾರದು, ಅಂಥಾದ್ದು."

ಮರುದಿನ ಅಸರ್ ಆದ ಮೇಲೆ ಮಾಸ್ತರರು, "ಶಹಜಾದಿ, ಕಾಗದ ತಗೊಂಡು ಬಾ" ಎಂದರು.

ಅವಳು ಕಾಗದ ತಂದಳು. ನಿಂತೇ ಕೇಳಿದಳು: "ವಜೂ ಮಾಡ್ಕೊಂಡು ಬರ್ಲೇನ್ರಿ ಅಬ್ಬಾ?"

"ಯಾಕ ಕೇಳ್ತಿ?"

"ದಿನಾ ನೀವೇ ಹೇಳ್ತಿದ್ರಿ. ಇವತ್ತು ಹೇಳಲಿಲ್ಲಲ್ರಿ."

ಉತ್ತರ ಹೊಳೆಯದಾಗ ದೊಡ್ಡವರಿಗೆ ಸಿಟ್ಟು ಬರುತ್ತದೆ. "ಇದು ಜವಾಬು. ಬರಿ ಸುಮ್ಕ" ಎಂದರು ಮಾಸ್ತರರು.

ಬರೆದಳು. ಆ ವಾರ ಬರೆದಳು, ಮುಂದಿನ ವಾರವೂ ಬರೆದಳು. ಮೈ ತೊಳೆಯುವ ಪುಸ್ತಕ ಒಂದು ಅಂಗೈ ಅಗಲದ್ದು. ಜವಾಬು ಮಾತ್ರ ಹಾಳೆ ಹಾಳೆಯಾಗಿ ಬೆಳೆಯಿತು. ಮಾಸ್ತರರಿಗೆ ಹಸಿವೆ ಹೋಯಿತು, ನಿದ್ದೆ ಹೋಯಿತು. ನೀರು ಕಾಯಿಸಿಟ್ಟರೆ ಆರಿ ತಣ್ಣಗಾಗುವ ತನಕ ಅಂಗಳದಲ್ಲಿ ತಿರುಗಾಡುತ್ತ ಯಾವುದೋ ಸಾಲನ್ನು ಮಸೆಯುತ್ತಿದ್ದರು. ಓಣಿಯವರು ಸಲಾಮು ಹೇಳಿದರೆ ನಕ್ಕು ಮಾತಾಡಿಸಿ, ಒಳಗೆ ಬಂದು ಹೆಂಡತಿಯ ಮೇಲೆ ಹರಿಹಾಯುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ.

"ಒಂದು ಮಾತು ಕೇಳ್ಲಾ?" ಎಂದಳು ವಜೀರಬಿ ಒಂದು ದಿನ. "ನೀವು ಬರಿಯಾಕತ್ತಿದ್ದು ಕನ್ನಡದಾಗ. ಆ ಮೌಲ್ವಿಗೆ ಕನ್ನಡ ಬರೂದಿಲ್ಲ. ಹಳ್ಳಿ ಪಿಂಜಾರರಿಗೆ ಆ ಮೌಲ್ವಿ ಯಾರಂಬೋದೇ ಗೊತ್ತಿಲ್ಲ. ಮತ್ತ ಇದನ್ನ ಓದೋರು ಯಾರ್ರಿ?"

"ನಿನಗ ಓದಿದವರ ಇಲ್ಮಿನ ಮಾತು ತಿಳಿಯಾಂಗಿಲ್ಲ."

"ತಿಳೀಲಾರದವರ ಸಲುವಾಗೇ ಬರಿಯಾಕ ಕುಂತಿದ್ರಿ, ಮರತ್ರೇನು?"

ಅದೇ ಸಂಜೆ ಬರೆಸುವ ಭರದಲ್ಲಿ ಮಾಸ್ತರರ ಬೈಗುಳ ಎದುರಾಳಿ ಮೌಲ್ವಿಯ ಹೆಂಡತಿಯ ತವರಿನ ತನಕ ಹೋಯಿತು. ಶಹಜಾದಿ ಪೆನ್ನನ್ನು ಕೆಳಗಿಟ್ಟಳು. "ಅವರ ಮನ್ಯಾಕಿ ಏನು ಮಾಡ್ಯಾಳ್ರಿ ಅಬ್ಬಾ? ಇದನ್ನ ನನ್ನ ಕೈಲಿಂದ ಬರಸಬ್ಯಾಡ್ರಿ" ಎಂದು ಎದ್ದು ಹೋದಳು. ಆ ಮನೆಯಲ್ಲಿ ಸೊಸೆ ಮಾವನ ಮಾತಿಗೆ ಎದ್ದು ಹೋದದ್ದು ಅದೇ ಮೊದಲು. ಗಫೂರ ಅವಳ ಮೇಲೆ ರೇಗಿದ. "ದೊಡ್ಡವರಿಗೆ ಅದಬು ಕಲಸಾಕ ಬಂದೀಯೇನು?" ಎಂದ. ಅವಳು ಮಸಿಯಾದ ಬೆರಳನ್ನು ಬೂದಿ ಹಚ್ಚಿ ತಿಕ್ಕಿ ತೊಳೆಯುತ್ತ ಕೂತಳು. ಉಳಿದದ್ದನ್ನು ಮಾಸ್ತರರು ತಮ್ಮ ಸೊಟ್ಟ ಕನ್ನಡದಲ್ಲೇ ಬರೆದು ಮುಗಿಸಿದರು.

ಪ್ರೆಸ್ಸಿನಲ್ಲಿ ಇನ್ನೊಂದು ತೊಡಕಾಯಿತು. ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಮಹಾರುದ್ರಪ್ಪ ತಲೆ ಕೆರೆದುಕೊಂಡ.

"ಮಾಸ್ತರ್ರೇ, ನಮ್ಮಲ್ಲಿ ಮೊಳೆ ಇರೋದೇ ಇಷ್ಟು. ನಿಮ್ಮ ಸಣ್ಣ ಪುಸ್ತಕ ಜೋಡಿಸಿ ಕಟ್ಟಿಟ್ಟೀನಿ. ಈ ಜವಾಬು ಜೋಡಿಸಬೇಕಂದ್ರ ಅದನ್ನ ಬಿಚ್ಚಬೇಕಾಗ್ತದ್ರಿ. ಯಾವುದು ಮೊದಲು?"

ಗಫೂರ ಅಪ್ಪನ ಮುಖ ನೋಡಿದ. ಮಾಸ್ತರರು ಕನ್ನಡಕ ಒರೆಸಿದರು. "ಸತ್ತವರೇನು ಅವಸರ ಮಾಡೂದಿಲ್ಲ. ಬಿಚ್ಚು" ಎಂದರು.

ಮಹಾರುದ್ರಪ್ಪ ಬಿಚ್ಚಿದ.

ಜವಾಬಿನ ಮೊದಲ ಪ್ರೂಫು ಬಂದ ದಿನ ಅಪ್ಪ, ಮಗ ಇಬ್ಬರೂ ಪ್ರೆಸ್ಸಿನಲ್ಲಿ ಅದರ ಮೇಲೆ ಬಗ್ಗಿದ್ದರು. ಬೇಮಳಖೇಡದ ಧೂಳಮ್ಮ ಮೆಂತ್ಯದ ಸೊಪ್ಪಿನ ಬುಟ್ಟಿ ಹೊತ್ತು ಬಂದು ಬಾಗಿಲಲ್ಲಿ ನಿಂತಳು. ಆ ಕಡೆಯ ಹಳ್ಳಿಯವರು ವಜೀರಬಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದು ಇದೇ ಪ್ರೆಸ್ಸಿನಿಂದ. ಗಫೂರ ಬಸವಕಲ್ಯಾಣದ ಬಸ್ಸಿನ ಕಂಡಕ್ಟರನಿಗೆ ಹೇಳಿದರೆ ಆಯಿತು, ಮಧ್ಯಾಹ್ನದೊಳಗೆ ವಜೀರಬಿ ಚೀಲ ಹಿಡಿದು ಹೊರಡುತ್ತಿದ್ದಳು.

"ಮಾಸ್ತರ್ರೇ, ನಮ್ಮ ಬಾಜೂ ಮನಿ ಹುಸೇನಬಿ ನಸುಕಿನ್ಯಾಗ ತೀರಿಕೊಂಡಾಳ್ರಿ. ಮಗಳು ಮಾಲನಬಿ ಒಬ್ಬಾಕೇ ಅದಾಳ. ಗಂಡ ಹತ್ತಿ ಹಿಂಜಾಕ ಊರೂರು ತಿರಗಾಕ ಹೋಗ್ಯಾನ. ಅಮ್ಮಾರನ್ನ ಲಗೂನ ಕಳಸ್ರಿ."

"ಆತವ್ವಾ, ಹೇಳಿ ಕಳಸ್ತೀನಿ" ಎಂದರು ಮಾಸ್ತರರು, ತಲೆ ಎತ್ತದೆ. ಅವರ ಬೆರಳು ಒಂದು ಸಾಲಿನ ಮೇಲಿತ್ತು. ಆ ಸಾಲು ಇನ್ನೂ ಚುರುಕಾಗಬೇಕಿತ್ತು. ಗಫೂರ ಒಂದು ಪದ ಹೇಳಿದ, ಅವರು ಇನ್ನೊಂದು ಹೇಳಿದರು, ಇಬ್ಬರಿಗೂ ವಾದ ಹತ್ತಿತು. ಹೊರಗೆ ಕಲ್ಯಾಣದ ಬಸ್ಸು ಬಂದು ನಿಂತಿತು, ಹೋಯಿತು. ಅದರ ಹಿಂದಿನದೂ ಹೋಯಿತು.

ಸಂಜೆ ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ಮಾಸ್ತರರ ಕಣ್ಣು ಗೂಟದ ಮೇಲೆ ಬಿತ್ತು. ಚೀಲ ಅಲ್ಲೇ ಇತ್ತು. ಚೆಂಬು ಕೈಯಿಂದ ಜಾರಿತು.

"ಯಾಕ್ರೀ, ಏನಾತು?" ಎಂದು ವಜೀರಬಿ ಓಡಿ ಬಂದಳು.

ಅವರು ಹೇಳಿದರು. ಆ ಹೊತ್ತಿನಲ್ಲಿ ಬೇಮಳಖೇಡಕ್ಕೆ ಬಸ್ಸಿರಲಿಲ್ಲ. ವಜೀರಬಿ ಬಯ್ಯಲಿಲ್ಲ, ಅದರಿಂದಲೇ ಅವರಿಗೆ ಹೆದರಿಕೆಯಾಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಚಹಾ ಕೂಡ ಕುಡಿಯದೆ ಹೋದಳು, ಹೊತ್ತು ಇಳಿಯುವಾಗ ಬಂದು ಹೊಸ್ತಿಲ ಮೇಲೆ ಕೂತಳು.

"ನಿನ್ನೆ ಸಂಜೀಗೇ ಮಣ್ಣು ಮಾಡ್ಯಾರ. ಇಂಥಾ ಬಿಸಿಲಿನ್ಯಾಗ ಎಷ್ಟು ಹೊತ್ತು ಇಟ್ಕೊಂಡು ಕೂಡ್ತಾರ? ಬಾಜೂ ಊರಿಂದ ಗಂಡಸರು ಬಂದು ನಮಾಜು ಮಾಡ್ಯಾರ. ಮೈ ತೊಳ್ಯಾಕ ಹೆಣ್ಣುಮಕ್ಕಳು ಯಾರೂ ಇಲ್ಲ. ಮಾಲನಬಿ ತಾನೇ ಬಾಗಲಾ ಹಾಕ್ಕೊಂಡು ಅವ್ವನ ಮ್ಯಾಲೆ ನೀರು ಹಾಕ್ಯಾಳ, ತನ್ನ ಮದುವಿ ಸೀರಿ ಸುತ್ತಿ ಕಳಿಸ್ಯಾಳ. ನನ್ನ ಕಾಲು ಹಿಡ್ಕೊಂಡು ಕೇಳ್ತಾಳ, ನಮ್ಮವ್ವ ನಾಪಾಕ, ಚೊಕ್ಕ ಆಗದೇ ಹೋದಳೇನ್ರಿ, ನಾ ಅವ್ವನ್ನ ಕೆಡಿಸಿದ್ನೇನ್ರಿ ಅಂತ."

"ನೀ ಏನಂದಿ?"

"ನನಗ ತೊಳ್ಯಾದು ಗೊತ್ತದ. ಎಷ್ಟು ತಪ್ಪಿದ್ರ ಮಾಫು ಅಂಬೋದು ಕಿತಾಬಿನವರಿಗೆ ಗೊತ್ತು. ನೀವೇ ಹೋಗಿ ಹೇಳ್ರಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೊಂದು ಅದ. ಮಾಲನಬಿ ಧೂಳಮ್ಮನ ಕೂಡ ಮಾತು ಬಿಟ್ಟಾಳ. ಆಕಿ ಸೊಪ್ಪು ಮಾರೋ ಗದ್ದಲದಾಗ ಸುದ್ದಿ ಹೇಳೇ ಇಲ್ಲ, ಸುಳ್ಳು ಆಡಾಕತ್ತಾಳ ಅಂತಾಳ. ಧೂಳಮ್ಮ ನನ್ನ ಮುಂದೇ ಆಣಿ ಮಾಡಿದಳು. ನಾ ಬಾಯಿ ಮುಚ್ಚಿಕೊಂಡು ನಿಂತೆ. ನಿಮ್ಮ ಹೆಸರು ನನ್ನ ಬಾಯಿಗೆ ಬರಲಿಲ್ಲ. ಆ ಗುನ್ಹಾ ನನ್ನ ತಲಿ ಮ್ಯಾಲೂ ಬಂತು."

ಹೋಗುತ್ತೇನೆ ಎಂದರು ಮಾಸ್ತರರು. ನಾಳೆ ಎಂದರು. ನಾಳೆ ಪ್ರೂಫು ಬಂತು. ಆಮೇಲೆ ಶುಕ್ರವಾರ ಬಂತು, ಆಮೇಲೆ ಸೊಂಟ ಹಿಡಿಯಿತು. ಸುಳ್ಳು ಹೇಳಲು ಬಾರದವನು ನೆಪ ಹೇಳುವುದರಲ್ಲಿ ಜಾಣನಾಗಿರುತ್ತಾನೆ. ನಾಚಿಕೆ ಅವರ ಕಾಲು ಕಟ್ಟಿತ್ತು. ಮನೆಯಲ್ಲಿ ವಜೀರಬಿ ತಾಟು ತಂದಿಟ್ಟು ಹೋಗುತ್ತಿದ್ದಳು, ಬೇಕೋ ಬೇಡವೋ ಕೇಳುತ್ತಿರಲಿಲ್ಲ. ಪುಂಡಿಪಲ್ಯ ಅವರ ಪ್ರಾಣ. ಅದನ್ನೂ ಮುಟ್ಟದೆ ಎದ್ದರು ಒಂದು ದಿನ.

ಅಂದು ಅಸರ್ ಆದ ಮೇಲೆ ಶಹಜಾದಿ ಕರೆಯದೆ ಬಂದು ಎದುರಿಗೆ ಕೂತಳು. ಕೈಯಲ್ಲಿ ಕಾಗದ, ಪೆನ್ನು. ಮೊಣಕೈಯಿಂದ ಇನ್ನೂ ನೀರು ಇಳಿಯುತ್ತಿತ್ತು.

"ವಜೂ ಮಾಡ್ಕೊಂಡು ಬಂದೀನ್ರಿ ಅಬ್ಬಾ. ಮಾಲನಬಿಗೆ ಏನು ಹೇಳಬೇಕು ಹೇಳ್ರಿ, ಬರ್ಕೋತೀನಿ. ನಾಳೆ ನಾನೇ ಹೋಗಿ ಓದಿ ಹೇಳಿ ಬರ್ತೀನಿ."

ಮಾಸ್ತರರು ಅವಳನ್ನೇ ನೋಡಿದರು. ಎದ್ದು ಹೋಗಿ ತಾವೂ ವಜೂ ಮಾಡಿ ಬಂದರು. ಕೂತು, ಕಣ್ಣು ಮುಚ್ಚಿ ಹೇಳಿದರು:

"ಬರಿ. ಮೈಯೆಲ್ಲ ಒಂದು ಸಲ ನೀರು ಹರಿದರೆ ತೊಳೆದಂತಾಯಿತು. ಮೈ ಮುಚ್ಚುವಷ್ಟು ಚೊಕ್ಕ ಬಟ್ಟೆ ಇದ್ದರೆ ಕಫನ್ ಆಯಿತು. ಉಳಿದದ್ದು ಗೊತ್ತಿಲ್ಲದೆ ಬಿಟ್ಟುಹೋದರೆ, ಬಿಟ್ಟವರ ಮೇಲೆ ಗುನ್ಹಾ ಇಲ್ಲ."

ಪೆನ್ನು ನಿಂತಿತು. ಅವಳು ಮುಂದಿನ ಮಾತಿಗೆ ಕಾದಳು. "ಮತ್ತರಿ?"

"ಮುಗೀತು."

"ಮುಗೀತಾ?" ಬರೆದದ್ದರ ಮೇಲೆ ಬೆರಳಿಟ್ಟಳು. "ಇಷ್ಟು ಮಾತಿನ ಸಲುವಾಗಿ ಆ ಹುಡುಗಿ ಅಂದಿನಿಂದ ನೆಟ್ಟಗ ಉಂಡಿಲ್ಲಂತರಿ."

ಮಾಸ್ತರರು ಕೈ ಚಾಚಿ ಕಾಗದ ಇಸಿದುಕೊಂಡರು. "ನೀ ಬ್ಯಾಡ ಬೇಟಿ. ನಾನೇ ಹೋಗ್ತೀನಿ."

ಮರುದಿನ ಬೇಮಳಖೇಡದಲ್ಲಿ ಮಾಲನಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತು ಕೇಳಿದಳು. ಮಾಸ್ತರರು ಹೇಳಿ ಮುಗಿಸಿ ಕೇಳಿದರು:

"ಮೈಯೆಲ್ಲ ನೀರು ಹರಿದಿತ್ತೇನವ್ವಾ?"

"ಹರಿದಿತ್ರಿ. ಬಿಂದಿಗಿ ಮ್ಯಾಲೆ ಬಿಂದಿಗಿ ಹಾಕೀನಿ. ಸಣ್ಣ ಮಕ್ಕಳಿಗೆ ಹಾಕಿದಂಗ ಕಿವಿ ಹಿಂದೆಲ್ಲಾ ತೊಳದೀನ್ರಿ."

"ಅಂದ್ರ ನಿಮ್ಮವ್ವ ಪಾಕ ಹೋಗ್ಯಾಳ. ಮಗಳ ಕೈಲೇ ಹೋಗ್ಯಾಳ."

ಒಳಗಿಂದ ಅಳು ಕೇಳಿಸಿತು. ತಡೆದಿಟ್ಟಿದ್ದ ಅಳು. ಅದು ನಿಲ್ಲುವ ತನಕ ಮಾಸ್ತರರು ಅಂಗಳದಲ್ಲಿ ತಲೆ ಬಗ್ಗಿಸಿ ನಿಂತರು. ಆಮೇಲೆ ಅವಳೇ ಕೇಳಿದಳು: "ಈ ಮಾತು ಅವತ್ತೇ ಯಾರರೆ ಹೇಳಿದ್ರ ಏನಾಗ್ತಿತ್ರಿ? ಅಮ್ಮಾರು ಬಂದಿದ್ರ ಹೇಳ್ತಿದ್ರು. ಇಕಿ ಹೋಗಿ ಸುದ್ದಿ ಹೇಳಲಿಲ್ಲ."

ಮೊಣಕಾಲೆತ್ತರದ ಗೋಡೆಯಾಚೆ ಧೂಳಮ್ಮ ದನಕ್ಕೆ ಕಣಿಕೆ ಹಾಕುತ್ತಿದ್ದಳು. ಕೈಯಲ್ಲಿದ್ದದ್ದನ್ನು ಅಲ್ಲೇ ಒಗೆದು ಬಂದಳು. "ಮಾಸ್ತರ್ರೇ, ನಿಮ್ಮ ದೇವರ ಮ್ಯಾಲಾಣಿ, ನನ್ನ ದೇವರ ಮ್ಯಾಲಾಣಿ. ನಾ ಬಂದು ಹೇಳಿದ್ನೋ ಇಲ್ಲೋ?"

ಬಿಸಿಲು ನೆತ್ತಿಯ ಮೇಲಿತ್ತು. ಮಾಸ್ತರರಿಗೆ ಗಂಟಲು ಒಣಗಿತ್ತು, ನೀರು ಕೇಳುವ ಮೋರೆ ಇರಲಿಲ್ಲ.

"ಹೇಳಿದ್ದಿ ಧೂಳಮ್ಮ. ನನಗೇ ಹೇಳಿದ್ದಿ. ನಾ ಒಬ್ಬನ ಕೂಡ ಜಗಳಾಡೋ ಕಾಗದ ನೋಡಾಕತ್ತಿದ್ದೆ, ಮರತೆ." ಬಾಗಿಲ ಕಡೆ ತಿರುಗಿದರು. "ಮಾಲನಬಿ, ಗೊತ್ತಿಲ್ಲದವರ ಮ್ಯಾಲೆ ಗುನ್ಹಾ ಇಲ್ಲಂದ್ನಲ್ಲ. ಗೊತ್ತಿದ್ದೂ ಹೇಳಲಾರದವನ ಮ್ಯಾಲೆ ಅದ. ಅವ ನಾನು."

ಮಾಲನಬಿ ಹೊರಗೆ ಬಂದಳು. ಮಾಸ್ತರರನ್ನು ನೋಡಲಿಲ್ಲ. ಅವರನ್ನು ದಾಟಿ ಗೋಡೆಯ ಹತ್ತಿರ ಹೋಗಿ ಧೂಳಮ್ಮನ ಹೆಗಲಿಗೆ ಹಣೆ ಹಚ್ಚಿ ನಿಂತಳು. ನೀರಿನ ಚೆಂಬು ತಂದುಕೊಟ್ಟದ್ದು ಧೂಳಮ್ಮನ ಸೊಸೆ ಸರುಬಾಯಿ. ಮಾಸ್ತರರು ಗಟಗಟ ಕುಡಿದರು, ಅರ್ಧ ಅಂಗಿಯ ಮೇಲೆ ಚೆಲ್ಲಿತು.

ಅಲ್ಲಿಂದ ನೇರ ಪ್ರೆಸ್ಸಿಗೆ ಹೋದರು.

"ಮಹಾರುದ್ರಪ್ಪ, ಜವಾಬು ಬಿಚ್ಚು. ಮೊದಲಿಂದು ಜೋಡಿಸು. ಇದೊಂದು ಕಾಗದ ಅದ, ಇದನ್ನ ಎಲ್ಲಕ್ಕಿಂತ ಮೊದಲನೇ ಪುಟದಾಗ ಹಾಕು."

ಗಫೂರ ಜಿಗಿದು ಬಂದ. "ಏನ್ ಮಾಡಾಕತ್ತೀರಿ ಅಬ್ಬಾ? ನಾಳೆ ಅಚ್ಚಿಗೆ ಹೋಗೋದದ! ಹೋಟೆಲಿನ್ಯಾಗ ಎಲ್ಲಾರಿಗೂ ಹೇಳೀನಿ. ನಾವು ಸೋತೀವಿ ಅಂತಾರ."

"ಅನ್ಲಿ."

"ನಿಮಗ ಸನದು ಇಲ್ಲ ಅಂದಾನ ಅವ!"

"ಖರೇನೇ ಅಂದಾನ. ಇಲ್ಲ."

"ಮತ್ತ ನನ್ನ ಮಾನ? ನಾ ಈ ಊರಾಗ ಮಾರಿ ಹ್ಯಾಂಗ ತೋರಸ್ಲಿ?"

"ನಿನ್ನ ಮಾನ, ನನ್ನ ಮಾನ ಎರಡೂ ಕೂಡಿ ಹುಸೇನಬಿ ಮ್ಯಾಲೆ ಒಂದು ಚೆಂಬು ನೀರು ಹಾಕಲಿಲ್ಲ ಗಫೂರ."

ಗಫೂರ ಅಂಗಡಿ ಬಿಟ್ಟು ಹೊರಗೆ ಹೋದ. ಎರಡು ದಿನ ಮನೆಗೆ ಊಟಕ್ಕೂ ಬರಲಿಲ್ಲ. ಮಹಾರುದ್ರಪ್ಪ ಒಂದೊಂದೇ ಸಾಲು ಬಿಚ್ಚಿ ಮೊಳೆಗಳನ್ನು ಖಾನೆಗೆ ಹಾಕತೊಡಗಿದ. ಮಾಸ್ತರರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅಕ್ಷರ ಆರಿಸಿಕೊಡಲು ಹೋಗಿ, ತಪ್ಪು ಖಾನೆಗೆ ಹಾಕಿ, ಅವನ ಕೈಲಿ ಬೈಸಿಕೊಂಡರು. ಎದುರಾಳಿಯ ಹೆಂಡತಿಯ ತವರಿಗೆ ಹೋಗಿದ್ದ ಅಕ್ಷರಗಳೇ ವಾರದೊಳಗೆ ಕರ್ಪೂರ, ಬಾರಿ ಎಲೆ, ಉಗುರುಬೆಚ್ಚಗಿನ ನೀರು ಎಂದು ಜೋಡಣೆಯಾದವು.

ಪುಸ್ತಕ ಬಂತು. ಮುನ್ನುಡಿಯಿಲ್ಲ, ಬಿರುದಿಲ್ಲ, ಹುಮನಾಬಾದಿನ ಮೌಲ್ವಿಯ ಸುದ್ದಿಯಿಲ್ಲ. ಗಫೂರ ಮುನಿಸು ಬಿಟ್ಟು ಕಟ್ಟು ಹೊತ್ತು ತಂದವನು ಅಷ್ಟಕ್ಕೇ ಸುಮ್ಮನಿರಲಿಲ್ಲ. "ಲಗ್ನಪತ್ರಿಕೆಗಿಂತ ನೂಲೆಳಿ ದಪ್ಪ ಆಗ್ಯಾದ ನೋಡ್ರಿ. ಇದನ್ನ ಯಾರು ಕಿತಾಬು ಅಂತಾರ?"

"ಹೆಣ ಮನ್ಯಾಗ ಇಟ್ಕೊಂಡು ದಪ್ಪ ಪುಸ್ತಕ ಯಾರು ಓದ್ತಾರೋ ಮೂಳ?" ಎಂದಳು ವಜೀರಬಿ. ಹಾಗೆ ಅಂದು, ಮೊದಲ ಪ್ರತಿಯನ್ನು ಸೆರಗಿನಲ್ಲಿ ಒರೆಸಿ ಚೀಲದಲ್ಲಿ ಕರ್ಪೂರದ ಜೊತೆ ಇಟ್ಟಳು.

ಹುಮನಾಬಾದಿನಿಂದ ಎರಡನೆಯ ಕರಪತ್ರವೂ ಬಂತು. ಉತ್ತರ ಕೊಡಲಾರದೆ ಬಾಯಿ ಮುಚ್ಚಿದ್ದಾನೆ ಎಂದಿತ್ತು. ಮಾಸ್ತರರು ಊಟದ ನಡುವೆ ಅದನ್ನು ಓದಿದರು. ಕಿವಿ ಕೆಂಪಾದವು. ಅಂದು ದಾಲು ನಿಜವಾಗಿಯೂ ಹುಳಿಯಾಗಿತ್ತು. ಕಾಗದ ಮಡಚಿಟ್ಟು, "ಇನ್ನಷ್ಟು ಹಾಕು" ಎಂದು ತಾಟು ಮುಂದೆ ಮಾಡಿದರು. ವಜೀರಬಿ ಸೌಟು ತುಂಬ ಹಾಕಿದಳು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಧೂಳಮ್ಮ ಒದ್ದೆ ಸೀರೆಯಲ್ಲಿ ಬಸವಕಲ್ಯಾಣದ ಮನೆಯ ಬಾಗಿಲಿಗೇ ಬಂದಳು. ಅವಳ ಮುಖ ಕಂಡದ್ದೇ ವಜೀರಬಿ ಕೈಯ ಹಿಟ್ಟು ಝಾಡಿಸಿ ಎದ್ದು, ಗೂಟದ ಚೀಲ ತೆಗೆದು ಹೆಗಲಿಗೆ ಹಾಕಿದಳು.

"ಯಾರು ಧೂಳಮ್ಮಾ? ಎಷ್ಟೊತ್ತಾತು?"

"ಕುಂಡ್ರಿ ಅಮ್ಮಾ, ಕುಂಡ್ರಿ. ಈ ಸಲ ಕರ್ಯಾಕ ಬಂದಿಲ್ರಿ, ಹೇಳಾಕ ಬಂದೀನಿ. ನಮ್ಮ ಆಚೀ ಊರಾಗ ಪಿಂಜಾರ ಮುದುಕಿ ಮೊನ್ನೆ ತೀರಿಕೊಂಡಳು. ಮಾಲನಬಿ ಹೋದಳು. ನಮ್ಮ ಸರುಬಾಯಿ ಪರದೆ ಹೊರಗ ಕುಂತು ನೀವು ಕಳಿಸಿದ ಪುಸ್ತಕ ಓದಿ ಹೇಳಿದಳು, ಇಕಿ ಒಳಗ ಮೈ ತೊಳದಳು. ಬಲಗಡಿ ಮೊದಲು, ಆಮ್ಯಾಲೆ ಎಡಗಡಿ, ಎಲ್ಲಾ ಬರದಂಗೇ ಆತಂತ. ಮಾಸ್ತರ್ರಿಗೆ ಹೇಳಿ ಬಾ ಅಂದಾಳ ಮಾಲನಬಿ."

ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ವಜೀರಬಿ ಚೀಲ ಹೆಗಲಲ್ಲೇ ಇಟ್ಟುಕೊಂಡು ನಡುಮನೆಯಲ್ಲಿ ನಿಂತಿದ್ದಳು. "ಅಂದ್ರ ನನ್ನ ಕರೀಲೇ ಇಲ್ಲ" ಎಂದಳು. ಸಿಟ್ಟು ಮಾಡಬೇಕೆಂದುಕೊಂಡಳು, ಆಗಲಿಲ್ಲ. ಕಣ್ಣು ತುಂಬಿ ಬಂದವು. ಚೀಲವನ್ನು ಮತ್ತೆ ಗೂಟಕ್ಕೆ ಹಾಕಿ ಒಲೆಯ ಕಡೆ ತಿರುಗಿದಳು.

"ಶಹಜಾದಿ, ಚಹಾ ಇಡು. ಧೂಳಮ್ಮ ತೊಯ್ಸಿಕೊಂಡು ಬಂದಾಳ."